ಲಿಫ್ಟಿನ ಬಾಗಿಲು

ಲಿಫ್ಟಿನ ಕೆಲಸದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕೈ ಸವೆಸಿದವನೆಂದು ತಿಳಿದಾಗ ಬಂಧುಮಿತ್ರರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ ಆಗಿರುತ್ತದೆ: ‘ಹಗ್ಗ ಕಡಿದುಹೋದರೆ ಗತಿಯೇನು?’ ಆ ಭಯ ಸ್ವಾಭಾವಿಕವಾದುದೇ ಸರಿ. ಆದರೆ ಅದಕ್ಕೆ ಉತ್ತರ ದೊರೆತು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲವಾಯಿತು. 1854ರಲ್ಲಿ ನ್ಯೂಯಾರ್ಕ್ ನಗರದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಪ್ರದರ್ಶನ ಮಂದಿರದಲ್ಲಿ ಎಲಿಷಾ ಓಟಿಸ್ ಎಂಬ ಯಂತ್ರಶಿಲ್ಪಿಯು, ನೆರೆದ ಜನರ ಕಣ್ಣೆದುರಿಗೇ, ತಾನು ನಿಂತಿದ್ದ ವೇದಿಕೆಯ ಹಗ್ಗವನ್ನು ಕಡಿಸಿ, ವೇದಿಕೆಯು ಕೆಳಕ್ಕೆ ಬೀಳದೆ ಇಕ್ಕೆಲದ ಕಂಬಗಳನ್ನು ಕಚ್ಚಿ ನಿಲ್ಲುವುದನ್ನು ತೋರಿಸಿಕೊಟ್ಟನು. ಅಂದಿನಿಂದ ಹಗ್ಗದ ಚಿಂತೆಯನ್ನು ನಮ್ಮ ವೃತ್ತಿಯವರು ಯೋಗ್ಯವಾದ ಜಾಗರೂಕತೆಗೆ ಒಪ್ಪಿಸಿ ನೆಮ್ಮದಿಯಾಗಿದ್ದಾರೆ. ನಮ್ಮನ್ನು ಹಗಲೂ ರಾತ್ರಿಯೂ ಓಡಾಡಿಸಿದ್ದು, ಮಳೆಯಲ್ಲಿ ಸೈಕಲ್ ತುಳಿಸಿದ್ದು, ಹಬ್ಬದ ಊಟದ ಎಲೆಯ ಮುಂದಿನಿಂದ ಎಬ್ಬಿಸಿದ್ದು ಹಗ್ಗವಲ್ಲ, ಯಂತ್ರವೂ ಅಲ್ಲ, ಬಾಗಿಲು. ಲಿಫ್ಟ್ ನಿಂತಿತೆಂಬ ಸುದ್ದಿ ಬಂದಾಗ ಪೆಟ್ಟಿಗೆಯನ್ನು ತೆಗೆದುಕೊಳ್ಳುವ ಮೊದಲೇ ‘ಬಾಗಿಲಿನದೇ ಇರಬೇಕು’ ಎಂದುಕೊಂಡು ಹೊರಟರೆ ಬಹುಮಟ್ಟಿಗೆ ಆ ಊಹೆ ಸುಳ್ಳಾಗುತ್ತಿರಲಿಲ್ಲ.

ಹೀಗಾಗುವುದಕ್ಕೆ ಕಾರಣವೂ ಇದೆ. ಯಂತ್ರವು ಮೇಲಿನ ಕೋಣೆಯಲ್ಲಿ ಬೀಗದೊಳಗೆ ಭದ್ರವಾಗಿರುತ್ತದೆ, ಹಗ್ಗಗಳು ಜನರ ಕೈಗೆಟುಕದ ಕತ್ತಲೆಯಲ್ಲಿರುತ್ತವೆ. ಬಾಗಿಲು ಮಾತ್ರ ಜನರ ನಡುವೆ ನಿಂತು, ಅವರ ಆತುರವನ್ನೂ ಅಲಕ್ಷ್ಯವನ್ನೂ, ಅವರು ಒಯ್ಯುವ ಬೀರು ಮಂಚಗಳ ತಾಡನವನ್ನೂ, ಬೀದಿಯ ಧೂಳನ್ನೂ ಗಾಳಿಯನ್ನೂ ನೀರನ್ನೂ ದಿನವಿಡೀ ಸಹಿಸಬೇಕು. ಅಷ್ಟನ್ನೂ ಸಹಿಸಿ, ಪ್ರತಿಸಲವೂ ಕೆಲವೇ ಮಿಲಿಮೀಟರುಗಳ ನಿಷ್ಕೃಷ್ಟತೆಯಿಂದ ಮುಚ್ಚಿಕೊಳ್ಳಬೇಕು. ಇಷ್ಟು ಕಠಿಣವಾದ ನಿಯಮಕ್ಕೆ ಒಳಗಾಗಿರುವ ಬಾಗಿಲು ಕಟ್ಟಡದಲ್ಲಿ ಬೇರೊಂದಿಲ್ಲ.

ನಾನು ಕುಂದಾಪುರದ ಕಡೆಯವನು. ನಮ್ಮ ಸೀಮೆಯ ಎಷ್ಟೋ ಹುಡುಗರಂತೆ ನಾನೂ 1960ರ ದಶಕದ ಮೊದಲಲ್ಲಿ ಮುಂಬಯಿಯನ್ನು ಸೇರಿ, ಹಗಲು ಉಡುಪಿ ಹೋಟೆಲೊಂದರಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದೆನು. ದಿನವೆಲ್ಲ ಲೋಟ ತೊಳೆದು ದಣಿದ ಹುಡುಗರ ಕಿವಿಗೆ ವ್ಯಾಕರಣವನ್ನೂ ಕಾವ್ಯವನ್ನೂ ತಾಳ್ಮೆಯಿಂದ ಸುರಿದ ಆ ಉಪಾಧ್ಯಾಯರ ಋಣ ನನ್ನ ಮೇಲೆ ಬಹಳ ದೊಡ್ಡದು. ಇಂದು ನಾನು ಬರೆಯುತ್ತಿರುವ ಈ ನಾಲ್ಕು ಸಾಲುಗಳೂ ಅವರದೇ. ಹೋಟೆಲಿನಿಂದ ಸುತ್ತಲಿನ ಕಛೇರಿಗಳಿಗೆ ತಿಂಡಿ ಕಾಫಿ ಒಯ್ಯುತ್ತಿದ್ದ ದಿನಗಳಲ್ಲಿ, ಹಳೆಯ ಕಲ್ಲುಕಟ್ಟಡವೊಂದರಲ್ಲಿ, ಲಿಫ್ಟಿನ ಗೇಟನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದ ಹಿರಿಯ ಮೇಸ್ತ್ರಿಯೊಬ್ಬರ ಪರಿಚಯವಾಯಿತು. ಅವರು ಮಂಗಳೂರಿನ ಕಡೆಯವರು. ನಾನು ನಿಂತು ನೋಡುತ್ತಿದ್ದುದನ್ನು ಕಂಡು, ‘ಎಂತ ನೋಡುವುದು ಮಾರಾಯ, ಆ ಸ್ಪ್ಯಾನರ್ ಇತ್ತ ಕೊಡು’ ಎಂದರು. ಕೆಲವು ತಿಂಗಳ ಬಳಿಕ ನಾನು ಅವರ ಹೆಲ್ಪರ್ ಆಗಿ ಸೇರಿದೆನು.

ಆ ಕಾಲದ ಮುಂಬಯಿಯಲ್ಲಿ ಹೆಚ್ಚಿನ ಲಿಫ್ಟುಗಳಿಗೆ ಇದ್ದುದು ಕೊಲ್ಯಾಪ್ಸಿಬಲ್ ಗೇಟು. ಕಬ್ಬಿಣದ ಪಟ್ಟಿಗಳನ್ನು ಕತ್ತರಿಯಾಕಾರದಲ್ಲಿ ಹೆಣೆದು, ಎಳೆದರೆ ಹರಡುವಂತೆಯೂ ತಳ್ಳಿದರೆ ಮಡಚಿಕೊಳ್ಳುವಂತೆಯೂ ಮಾಡಿದ ಜಾಲರಿ. ಜನರು ನಿಲ್ಲುವ ಗೂಡಿಗೆ, ನಮ್ಮ ವೃತ್ತಿಯ ಮಾತಿನಲ್ಲಿ ಕಾರಿಗೆ, ಒಂದು; ಪ್ರತಿ ಮಹಡಿಗೂ ಒಂದೊಂದು. ಖಾಕಿ ಉಡುಪಿನ ಲಿಫ್ಟ್‌ಮ್ಯಾನ್ ಸ್ಟೂಲಿನ ಮೇಲೆ ಕುಳಿತು ಆ ಎರಡು ಗೇಟುಗಳನ್ನೂ ತೆರೆದು ಮುಚ್ಚುವುದರಲ್ಲಿಯೇ ಆಯುಷ್ಯವನ್ನು ಕಳೆಯುತ್ತಿದ್ದನು. ಜಾಲರಿಯ ಸಂದುಗಳಿಂದ ಒಂದೊಂದು ಮಹಡಿಯೂ ಕೆಳಗಿಳಿದುಹೋಗುವುದನ್ನು ನೋಡುತ್ತ ಮೇಲೇರುವುದು ಬಾಲಕರಿಗೆ ಬಹು ಸಂತೋಷದ ವಿಷಯವಾಗಿದ್ದಿತು. ಆದರೆ ಆ ಸಂದೇ ಅಪಾಯದ ಮೂಲವೂ ಆಗಿದ್ದಿತು. ಚಲಿಸುವ ಕಾರಿನಿಂದ ಹೊರಕ್ಕೆ ಚಾಚಿದ ಬೆರಳಿಗಾಗಲಿ ಕಾಲಿಗಾಗಲಿ ರಕ್ಷಣೆಯೇ ಇರಲಿಲ್ಲ. ಗೇಟು ಅರ್ಧ ತೆರೆದಿದ್ದರೆ ಲಿಫ್ಟ್ ಬೇರೆ ಮಹಡಿಗೆ ಬರಲೊಲ್ಲದು. ಮೇಲಿನವರು ಲಿಫ್ಟ್ ಓಡಾಡುವ ಬಾವಿಯಂಥ ಶಾಫ್ಟಿನೊಳಕ್ಕೆ ಬಾಯಿಟ್ಟು ಕೂಗುವರು, ಕೆಳಗಿನವರು ಕಬ್ಬಿಣವನ್ನು ಬಡಿಯುವರು. ಮುಂದೆ ಎಷ್ಟೋ ವರ್ಷಗಳ ಮೇಲೆ ಈ ಕೂಗಾಟದ ಭಾರವನ್ನು ಯಂತ್ರವೇ ವಹಿಸಿಕೊಂಡು, ‘ಕೃಪಯಾ ದರ್ವಾಜಾ ಬಂದ್ ಕೀಜಿಯೇ’ ಎಂದು ಹೆಣ್ಣುದನಿಯಲ್ಲಿ ಬೇಸರವಿಲ್ಲದೆ ಪ್ರಾರ್ಥಿಸತೊಡಗಿತು.

ಗೇಟು ಮುಚ್ಚದೆ ಕಾರು ಹೊರಡಬಾರದು, ಕಾರು ಬಂದು ನಿಲ್ಲದೆ ಗೇಟು ತೆರೆಯಬಾರದು: ಈ ಎರಡು ಸೂತ್ರಗಳಲ್ಲಿ ನಮ್ಮ ಶಾಸ್ತ್ರವೆಲ್ಲವೂ ಅಡಗಿದೆ ಎನ್ನಬಹುದು. ಇವು ಹೊಳೆಯುವುದು ಸುಲಭ, ಲೋಹದಲ್ಲಿ ಸಾಧಿಸುವುದು ಕಷ್ಟ. ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ಎಂಬ ಊರಿನಲ್ಲಿ ಕ್ಷೌರದಂಗಡಿ ಇಟ್ಟಿದ್ದ ಅಲೆಕ್ಸಾಂಡರ್ ಮೈಲ್ಸ್ ಎಂಬ ಕರಿಯ ಜನಾಂಗದ ಗೃಹಸ್ಥನು, ಲಿಫ್ಟಿನ ಚಲನೆಯಿಂದಲೇ ಶಾಫ್ಟಿನ ಬಾಗಿಲುಗಳು ತಾವಾಗಿ ತೆರೆದು ಮುಚ್ಚುವ ಉಪಾಯವೊಂದಕ್ಕೆ 1887ರಲ್ಲಿ ಪೇಟೆಂಟ್ ಪಡೆದನು. ತೆರೆದಿಟ್ಟು ಮರೆತ ಬಾಗಿಲಿನಿಂದ ಜನರು ಶೂನ್ಯಕ್ಕೆ ಕಾಲಿಟ್ಟು ಸಾಯುತ್ತಿದ್ದ ಕಾಲದಲ್ಲಿ, ಬಾಗಿಲಿನ ಹೊಣೆಯನ್ನು ಮನುಷ್ಯನ ಜ್ಞಾಪಕಶಕ್ತಿಗೆ ಬಿಡಬಾರದೆಂದು ನಿಶ್ಚಯಿಸಿದ ಆತನ ವಿವೇಕವನ್ನು ನಾನು ಓಟಿಸನ ಸಾಹಸಕ್ಕಿಂತ ಕಡಿಮೆಯೆಂದು ಎಣಿಸಲಾರೆನು. ನಮ್ಮ ಸರ್ಕಾರಗಳೂ ಈ ವಿಷಯದಲ್ಲಿ ಉದಾಸೀನವಾಗಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 1939ರಷ್ಟು ಹಿಂದೆಯೇ ಲಿಫ್ಟುಗಳಿಗೆಂದು ಪ್ರತ್ಯೇಕವಾದ ಕಾಯಿದೆಯಾಯಿತು. ಕರ್ನಾಟಕದಲ್ಲಿ ಅಂಥದು 1974ರಲ್ಲಿ ಬಂದಿತು.

ಆ ಹೊತ್ತಿಗೆ ನಾನು ಮುಂಬಯಿಯನ್ನು ಬಿಟ್ಟು ಬೆಂಗಳೂರಿಗೆ ಬಂದಿದ್ದೆನು. ಮಹಾತ್ಮ ಗಾಂಧಿ ರಸ್ತೆಯಲ್ಲಿ 25 ಅಂತಸ್ತುಗಳ ಯುಟಿಲಿಟಿ ಬಿಲ್ಡಿಂಗ್ ತಲೆಯೆತ್ತಿ, ಹಳ್ಳಿಗಳಿಂದ ಬಂದವರು ಅದನ್ನು ಕತ್ತೆತ್ತಿ ನೋಡುತ್ತ ನಿಲ್ಲುತ್ತಿದ್ದ ಕಾಲವದು. ತಾವಾಗಿ ತೆರೆದು ಮುಚ್ಚುವ ಬಾಗಿಲುಗಳು ಊರಿಗೆ ಹೊಸದಾಗಿ ಬರುತ್ತಿದ್ದವು. ಅವುಗಳ ಮುಂದೆ ಜನರು ಮೊದಮೊದಲು ಸಂಕೋಚದಿಂದ ನಿಂತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದುದನ್ನೂ ನಾನು ಕಂಡಿದ್ದೇನೆ.

ತಾನಾಗಿ ತೆರೆಯುವ ಬಾಗಿಲು ನೋಡುವವರಿಗೆ ಒಂದಾದರೂ ವಸ್ತುತಃ ಎರಡು. ಕಾರಿನ ಬಾಗಿಲು ಕಾರಿನೊಡನೆ ಸಂಚರಿಸುತ್ತದೆ. ಮಹಡಿಯ ಬಾಗಿಲು ತನ್ನ ಸ್ಥಾನದಲ್ಲಿಯೇ ಬೀಗ ಹಾಕಿಕೊಂಡು ಕಾಯುತ್ತಿರುತ್ತದೆ. ತೆರೆಯುವ ಮೋಟಾರು ಇರುವುದು ಕಾರಿನ ಮೇಲೆ ಮಾತ್ರ. ಕಾರು ಮಹಡಿಗೆ ಬಂದು ನಿಂತಾಗ ಅದರ ಬಾಗಿಲಿನ ಮೇಲಿರುವ ವೇನ್ ಎಂಬ ಉದ್ದವಾದ ತಗಡು ಮಹಡಿಯ ಬಾಗಿಲಿನ ರೋಲರುಗಳ ನಡುವೆ ಸೇರಿ, ಮೊದಲು ಅವುಗಳನ್ನು ಒತ್ತಿ ಬೀಗದ ಕೊಕ್ಕೆಯನ್ನು ಮೇಲಕ್ಕೆತ್ತಿಸಿ, ಆಮೇಲೆ ಆ ಬಾಗಿಲನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಹಿಂತಿರುಗುವಾಗ ಕೊಕ್ಕೆಯು ಮತ್ತೆ ತನ್ನ ಮನೆಯೊಳಕ್ಕೆ ಬೀಳಬೇಕು. ಬಿದ್ದುದು ಸಾಲದು, ಸಾಕಷ್ಟು ಆಳಕ್ಕೆ ಬೀಳಬೇಕು. ಯುರೋಪಿನ ಇಎನ್ 81 ಎಂಬ ನಿಯಮಾವಳಿಯ ಪ್ರಕಾರ ಕೊಕ್ಕೆಯು 7 ಮಿಲಿಮೀಟರಾದರೂ ಒಳಹೊಕ್ಕ ಮೇಲೆಯೇ ಕಾರು ಹೊರಡಲು ಅನುಮತಿ ದೊರೆಯತಕ್ಕದ್ದು. ಆ ಅನುಮತಿಯನ್ನು ಕೊಡುವುದು ಬೀಗದ ಪಕ್ಕದ ಚಿಕ್ಕದೊಂದು ಕಾಂಟ್ಯಾಕ್ಟ್. ಎಲ್ಲ ಮಹಡಿಗಳ ಕಾಂಟ್ಯಾಕ್ಟುಗಳನ್ನೂ ಕಾರಿನ ಗೇಟ್ ಸ್ವಿಚ್ಚನ್ನೂ ಒಂದರ ಬೆನ್ನಿಗೆ ಒಂದನ್ನು ಜೋಡಿಸಿ, ಒಂದೇ ತಂತಿಯ ದಾರಿಯನ್ನಾಗಿ ಮಾಡಿರುತ್ತಾರೆ. ಹತ್ತು ಮಹಡಿಗಳಲ್ಲಿ ಒಂಬತ್ತು ಸರಿಯಾಗಿದ್ದು ಒಂದರಲ್ಲಿ ಕೂದಲೆಳೆಯಷ್ಟು ಅಂತರ ಉಳಿದರೂ ವಿದ್ಯುತ್ತು ಅಲ್ಲಿಯೇ ನಿಂತುಬಿಡುತ್ತದೆ. ಮೆಷಿನ್ ರೂಮಿನಲ್ಲಿರುವ ರಿಲೇ ಎಂಬ ವಿದ್ಯುತ್ ಸ್ವಿಚ್ಚು ಎಳೆದುಕೊಳ್ಳುವುದಿಲ್ಲ, ಕಾರು ಹೊರಡುವುದಿಲ್ಲ.

ಜನರು ಇದನ್ನು ಲಿಫ್ಟ್ ಕೆಟ್ಟಿತೆನ್ನುತ್ತಾರೆ. ನನ್ನ ಮೇಸ್ತ್ರಿಗಳು ಹಾಗೆನ್ನುತ್ತಿರಲಿಲ್ಲ. ‘ಕೆಟ್ಟದ್ದಲ್ಲ ಮಾರಾಯ, ಅದು ಬರುವುದಿಲ್ಲ ಅಂತ ಹೇಳ್ತಾ ಉಂಟು. ಯಾಕೆ ಅಂತ ಕೇಳು’ ಎನ್ನುತ್ತಿದ್ದರು. ಈ ವೃತ್ತಿಯಲ್ಲಿ ನಾನು ಕಲಿತ ಅತಿ ಮುಖ್ಯವಾದ ಸಂಗತಿ ಇದೇ. ನಿಂತ ಲಿಫ್ಟನ್ನು ಹೇಗಾದರೂ ಓಡಿಸುವುದು ರಿಪೇರಿಯಲ್ಲ. ಅದು ಏತಕ್ಕಾಗಿ ಒಲ್ಲೆನೆನ್ನುತ್ತಿದೆಯೋ ಆ ಕಾರಣವನ್ನು ಗೌರವದಿಂದ ಹುಡುಕಿ, ಅದನ್ನು ನಿವಾರಿಸಿ, ಅದು ತಾನಾಗಿ ಒಪ್ಪಿ ಹೊರಡುವಂತೆ ಮಾಡುವುದು ರಿಪೇರಿ.

ಹುಡುಕುವ ವಿಧಾನವನ್ನು ವಿವರಿಸಿದರೆ ಓದುಗರಿಗೆ ಬೇಸರವಾಗದೆಂದು ನಂಬಿದ್ದೇನೆ. ಹೆಲ್ಪರನೊಬ್ಬನು ಮೆಷಿನ್ ರೂಮಿನಲ್ಲಿ, ಮೆಯಿನ್ ಸ್ವಿಚ್ಚಿನ ಪಕ್ಕದಲ್ಲಿ, ಕಂಟ್ರೋಲರಿನ ಮುಂದೆ ಕೂರುವನು. ಅವನ ಕಣ್ಣೆಲ್ಲ ಡೋರ್ ರಿಲೇಯ ಮೇಲೆ. ನಾನು ಕೆಳಗಿನಿಂದ ಮೆಟ್ಟಿಲೇರುತ್ತ ಪ್ರತಿ ಮಹಡಿಯಲ್ಲಿಯೂ ನಿಂತು, ಬಾಗಿಲಿನ ಎರಡು ರೆಕ್ಕೆಗಳನ್ನು ಅಂಗೈಗಳಿಂದ ಒಂದರ ಕಡೆಗೆ ಇನ್ನೊಂದನ್ನು ಮೆಲ್ಲನೆ ಒತ್ತುವೆನು. ಸರಿಯಾಗಿರುವ ಬಾಗಿಲು ಒತ್ತಿಗೆ ಮಿಸುಕುವುದಿಲ್ಲ. ದೋಷವಿರುವ ಮಹಡಿಯಲ್ಲಿ ಮಾತ್ರ ಅದು ಬೆರಳಿನಷ್ಟು ಅಲ್ಲದಿದ್ದರೂ ಉಗುರಿನಷ್ಟಾದರೂ ಜರುಗುತ್ತದೆ, ಜರುಗಿದ ಕ್ಷಣದಲ್ಲಿಯೇ ಮೇಲೆ ರಿಲೇ ‘ಟಕ್’ ಎಂದು ಕಚ್ಚುತ್ತದೆ, ಹೆಲ್ಪರನು ‘ಬಂತಣ್ಣಾ!’ ಎಂದು ಕೂಗುವುದು ಶಾಫ್ಟಿನೊಳಗಿಂದ ಇಳಿದು ಬಂದು ನನ್ನ ಕಿವಿಗೆ ಮುಟ್ಟುತ್ತದೆ. ಮೀಟರನ್ನು ಹಿಡಿದು ತಂತಿಯ ದಾರಿಯನ್ನು ಅರ್ಧರ್ಧ ಮಾಡಿಕೊಂಡು ಬರುವ ವಿಧಾನವೂ ಇದೆ. ಅದು ಶಾಸ್ತ್ರೀಯವಾದುದು, ಬಾಗಿಲೆಲ್ಲ ನೆಟ್ಟಗಿದ್ದು ತಂತಿಯೇ ತುಂಡಾಗಿರುವಾಗ ಅದೇ ಗತಿ. ಆದರೂ ಅಂಗೈಯಿಂದ ತಿಳಿದುಕೊಳ್ಳುವ ಆ ರೀತಿಯಲ್ಲಿ ನನಗೆ ಒಂದು ವಿಶೇಷವಾದ ಪ್ರೀತಿ.

ಬೆಂಗಳೂರಿನ ದಕ್ಷಿಣಭಾಗದಲ್ಲಿ ಒಂದು ಕಲ್ಯಾಣಮಂಟಪವಿದ್ದಿತು. ಕೆಳಗೆ ಊಟದ ಮನೆ, ನಡುವೆ ಮದುವೆಯ ಹಾಲು, ಮೇಲೆ ಬೀಗರ ಕೋಣೆಗಳು. ವೈಶಾಖಮಾಸದ ಒಂದು ಬೆಳಗ್ಗೆ, ಮುಹೂರ್ತ ಆಗಷ್ಟೆ ಮುಗಿದು ಜನರು ಊಟಕ್ಕೆ ಇಳಿಯುವ ಹೊತ್ತಿನಲ್ಲಿ, ಲಿಫ್ಟ್ ನಿಂತಿತೆಂದು ಕರೆ ಬಂದಿತು. ಹೋಗಿ ನೋಡಿದರೆ ಹಾಲಿನ ಮಹಡಿಯಲ್ಲಿ ಬಾಗಿಲು ಮುಚ್ಚಲು ಹೊರಟು, ಕೊನೆಯ ಗೇಣಿನಲ್ಲಿ ನಿಧಾನಿಸಿ, ಇನ್ನೇನು ಸೇರಿತು ಎನ್ನುವಾಗ ತಡೆದು ನಿಂತು, ಮತ್ತೆ ತೆರೆದುಕೊಳ್ಳುತ್ತಿದೆ. ಮತ್ತೆ ಮುಚ್ಚಲು ಹೊರಡುತ್ತದೆ, ಮತ್ತೆ ತೆರೆದುಕೊಳ್ಳುತ್ತದೆ. ಒಳಗೆ ಗಾಲಿಕುರ್ಚಿಯಲ್ಲಿ ವರನ ಅಜ್ಜಿ. ಅವರ ಹಿಂದೆ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತ ಮೊಮ್ಮಗಳು. ಮಂಟಪದ ಮ್ಯಾನೇಜರರು ಬೆವರೊರೆಸಿಕೊಳ್ಳುತ್ತ ಬಂದು ನನ್ನ ಕಿವಿಯ ಹತ್ತಿರ, ‘ಸ್ವಾಮಿ, ಏನೋ ಒಂದು ವೈರು ಕೊಟ್ಟು ಓಡಿಸಿಬಿಡ್ತಾರಂತಲ್ಲ, ಹಾಗೆ ಮಾಡಿಬಿಡಿ. ಊಟ ಮುಗಿದ ಮೇಲೆ ಸಾವಕಾಶವಾಗಿ ನೋಡ್ಕೊಳ್ಳಿ’ ಎಂದರು.

‘ಆಗೋದಿಲ್ಲ ಸಾರ್. ಅಜ್ಜಿಯವರನ್ನು ಮೊದಲು ಹೊರಕ್ಕೆ ಕರೆತನ್ನಿ, ನನಗೆ ಸ್ವಲ್ಪ ಹೊತ್ತು ಕೊಡಿ’ ಎಂದು ಹೇಳಿ, ಕಾರಿನ ಸ್ವಿಚ್ಚು ತಿರುಗಿಸಿ ಬಾಗಿಲ ಚಲನೆಯನ್ನು ನಿಲ್ಲಿಸಿ, ಟಾರ್ಚ್ ಹಿಡಿದು ನೆಲಕ್ಕೆ ಬಾಗಿದೆನು. ಲಿಫ್ಟಿನ ಬಾಗಿಲು ಮೇಲಿನ ಹಳಿಯಿಂದ ಹ್ಯಾಂಗರ್ ರೋಲರುಗಳ ಮೇಲೆ ತೂಗುತ್ತಿರುತ್ತದೆ. ಕೆಳಗೆ, ನಮ್ಮ ಮನೆಗಳ ಹೊಸ್ತಿಲಿನಂತಿರುವ ಸಿಲ್ ಎಂಬ ಅಲ್ಯೂಮಿನಿಯಂ ಪಟ್ಟಿಯ ತೋಡಿನಲ್ಲಿ, ಅದರ ಬುಡದ ಶೂಗಳು ಜಾರುತ್ತಿರುತ್ತವೆ. ಆ ತೋಡು ಒಂದು ಬೆರಳಿಗಿಂತ ಕಿರಿದಾದುದು. ಅದರ ನಡುವೆ, ಎರಡು ರೆಕ್ಕೆಗಳು ಕೂಡುವ ಠಾವಿನಲ್ಲಿ, ಅರಿಸಿನದ ಅಕ್ಷತೆಯ ಕಾಳುಗಳು ಬಿದ್ದಿದ್ದವು. ಹಾಲಿನಿಂದ ಹೊರಟ ನೂರಾರು ಜನರ ಸೀರೆಯ ನೆರಿಗೆಗಳಿಂದ, ಶಲ್ಯದ ಮಡಿಕೆಗಳಿಂದ, ಮಕ್ಕಳ ತಲೆಗೂದಲಿನಿಂದ ಉದುರಿದ ಅಕ್ಷತೆ. ಅದನ್ನು ಬಾಗಿಲಿನ ಶೂ ಪ್ರತಿಸಲವೂ ಮುಂದಕ್ಕೆ ತಳ್ಳಿ ತಳ್ಳಿ, ಧೂಳು ತುಪ್ಪಗಳೊಡನೆ ಅರೆದು, ಅಲ್ಲಿ ಗಟ್ಟಿಯಾದ ಒಂದು ಹಳದಿಯ ಬೆಣೆಯನ್ನಾಗಿ ಮಾಡಿದ್ದಿತು. ಕಸ ಬೀಳಲೆಂದು ಸಿಲ್ಲಿನಲ್ಲಿ ಕೊರೆದಿದ್ದ ರಂಧ್ರಗಳೂ ಹಿಂದಿನ ಮದುವೆಗಳ ಅಕ್ಷತೆಯಿಂದಲೇ ತುಂಬಿಹೋಗಿದ್ದವು. ಬಾಗಿಲು ಮುಚ್ಚಲು ಉಳಿದಿದ್ದುದು ಒಂದು ಅಕ್ಕಿಕಾಳಿನ ದಪ್ಪದಷ್ಟೆ. ಆ ಅಂತರದ ಕಾರಣದಿಂದ ಕೊಕ್ಕೆ ತನ್ನ ಮನೆಗೆ ಬಾರದೆ, ಕಾಂಟ್ಯಾಕ್ಟ್ ಸೇರದೆ, ಇಡೀ ಯಂತ್ರವು ನ್ಯಾಯವಾಗಿಯೇ ನಿಂತಿದ್ದಿತು.

ಸ್ಕ್ರೂಡ್ರೈವರಿನ ತುದಿಯಿಂದ ಆ ಬೆಣೆಯನ್ನು ಎಬ್ಬಿಸಿ, ರಂಧ್ರಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿ, ಬ್ರಷ್ಷಿನಿಂದ ತೋಡನ್ನು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ, ಒಣಬಟ್ಟೆಯಿಂದ ಒರೆಸಿದೆನು. ಎಣ್ಣೆ ಹಾಕಲಿಲ್ಲ. ಸಿಲ್ಲಿಗೆ ಎಣ್ಣೆ ಬಿಡುವವರನ್ನು ಕಂಡರೆ ನನಗೆ ಇಂದಿಗೂ ಸಹನೆ ಉಳಿಯದು. ಎಣ್ಣೆಯು ಎರಡು ದಿನ ನುಣುಪನ್ನು ಕೊಟ್ಟು ಮೂರನೆಯ ದಿನದಿಂದ ಊರಿನ ಧೂಳನ್ನೆಲ್ಲ ಆಹ್ವಾನಿಸುತ್ತದೆ. ಬಾಗಿಲನ್ನು ಮುಚ್ಚಿ ತೆರೆದು ನೋಡಿ ಅಜ್ಜಿಯನ್ನು ಕರೆದಾಗ, ಆಕೆ ಒಳಗೆ ಬಂದು, ನನ್ನ ಅಂಗೈಯಲ್ಲಿದ್ದ ಆ ಹಳದಿಯ ಚೂರುಗಳನ್ನು ನೋಡಿ, ‘ಅಯ್ಯೋ, ಅಕ್ಷತೆ ಕಣಪ್ಪಾ, ತುಳಿಯೋ ಕಡೆ ಹಾಕ್ಬೇಡ, ಗಿಡದ ಬುಡಕ್ಕೆ ಹಾಕು’ ಎಂದರು. ಹಾಗೆಯೇ ಮಾಡಿದೆನು. ಮದುವೆಯ ದಿನಗಳಲ್ಲಿ ಮುಹೂರ್ತವಾದ ಕೂಡಲೆ ಸಿಲ್ಲನ್ನು ಒಮ್ಮೆ ಗುಡಿಸಬೇಕೆಂದು ಅಲ್ಲಿಯ ಕೆಲಸದಾಕೆಗೆ ತೋರಿಸಿಕೊಟ್ಟು ಬಂದೆನು. ಆಕೆ ಅದನ್ನು ವ್ರತದಂತೆ ಪಾಲಿಸಿದಳು. ನಾನು ಬದಲಿಸಿದ ಎಷ್ಟೋ ಬಿಡಿಭಾಗಗಳಿಗಿಂತ ಆಕೆಯ ಪೊರಕೆಯಿಂದ ಆ ಲಿಫ್ಟಿಗೆ ಹೆಚ್ಚು ಉಪಕಾರವಾಯಿತು.

ವೈರು ಕೊಡುವುದೆಂದು ಮ್ಯಾನೇಜರರು ಹೇಳಿದರಲ್ಲ, ಅದರ ವಿಷಯವನ್ನು ಬಿಡದೆ ಹೇಳಬೇಕು. ಕಾಂಟ್ಯಾಕ್ಟಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿಬಿಟ್ಟರೆ, ಬಾಗಿಲು ಮುಚ್ಚಿರಲಿ ತೆರೆದಿರಲಿ, ಮುಚ್ಚಿದೆ ಎಂದೇ ಯಂತ್ರವು ತಿಳಿಯುತ್ತದೆ. ಇದಕ್ಕೆ ಜಂಪರ್ ಎಂದು ಹೆಸರು. ಪರೀಕ್ಷೆಯ ಸಮಯದಲ್ಲಿ, ಕಾರಿನಲ್ಲಿ ಯಾರೂ ಇಲ್ಲವೆಂದು ಖಚಿತಮಾಡಿಕೊಂಡು, ಎಲ್ಲ ಮಹಡಿಗಳಿಗೂ ತಡೆಯಿಟ್ಟು, ಬಲ್ಲವನೊಬ್ಬನು ಅದನ್ನು ಕ್ಷಣಕಾಲ ಉಪಯೋಗಿಸಬಹುದು. ಉಪಯೋಗಿಸಿ ತನ್ನ ಕೈಯಿಂದಲೇ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ನಮ್ಮ ಮೇಸ್ತ್ರಿಗಳ ಜಂಪರುಗಳು ಮಾರುದ್ದವಾಗಿರುತ್ತಿದ್ದವು, ಕೆಂಪು ಬಣ್ಣದವಾಗಿರುತ್ತಿದ್ದವು. ಮರೆತರೂ ಕಂಟ್ರೋಲರಿನ ಬಾಗಿಲು ಮುಚ್ಚಲಾಗದಂತೆ ಹೊರಕ್ಕೆ ನೇತಾಡುತ್ತಿದ್ದವು. ಮನುಷ್ಯನ ಮರೆವನ್ನು ಮೊದಲೇ ಲೆಕ್ಕಕ್ಕೆ ಹಿಡಿದ ಆ ವ್ಯವಸ್ಥೆಯನ್ನು ನಾನು ಬಹಳವಾಗಿ ಮೆಚ್ಚಿದ್ದೇನೆ.

ಒಂದು ವಾಣಿಜ್ಯ ಕಟ್ಟಡದ ನಿರ್ವಹಣೆಯು ಬೇರೆಯವರ ಕೈಯಿಂದ ನಮ್ಮ ಕೈಗೆ ಬಂದ ದಿನ, ನಾನು ಪದ್ಧತಿಯಂತೆ ಒಂದೊಂದು ಮಹಡಿಯ ಬೀಗವನ್ನೂ ನೋಡುತ್ತ ಬರುತ್ತಿದ್ದಾಗ, ಮೂರನೆಯ ಮಹಡಿಯ ಬಾಗಿಲಿನ ಮೇಲ್ಪೆಟ್ಟಿಗೆಯೊಳಗೆ ಕಿರುಬೆರಳುದ್ದದ ಒಂದು ತಂತಿಯನ್ನು ಕಾಂಟ್ಯಾಕ್ಟಿನ ಎರಡು ತಿರುಪುಗಳಿಗೂ ಬಿಗಿಯಾಗಿ ಕಟ್ಟಿದ್ದುದನ್ನು ಕಂಡೆನು. ಅದರ ಮೇಲೆ ಧೂಳು ಕೂತಿದ್ದಿತು. ಅಂದರೆ ಅದು ನಿನ್ನೆ ಮೊನ್ನೆಯದಲ್ಲ. ಬೀಗದ ಕೊಕ್ಕೆಯ ಸ್ಪ್ರಿಂಗು ಮುರಿದಿದ್ದಿತು. ಕಾರನ್ನು ನೆಲಮಹಡಿಗೆ ಕಳುಹಿಸಿ, ಹೊರಗೆ ನಿಂತು, ಎರಡು ಬೆರಳುಗಳಿಂದ ಬಾಗಿಲನ್ನು ಸರಿಸಿದೆನು. ಅದು ಯಾವ ತಡೆಯೂ ಇಲ್ಲದೆ ಸರಿದು ತೆರೆಯಿತು. ಎದುರಿಗೆ ಶಾಫ್ಟಿನ ಕತ್ತಲೆ, ಕೆಳಗಿನಿಂದ ಬಂದ ತಣ್ಣನೆಯ ಗಾಳಿ, ಎಣ್ಣೆ ಹಿಡಿದ ಹಗ್ಗಗಳು. ಆ ಮಹಡಿಯಲ್ಲಿ ಮಕ್ಕಳಿಗೆ ಟೈಪಿಂಗ್ ಹೇಳಿಕೊಡುವ ಒಂದು ಸಂಸ್ಥೆಯಿದ್ದಿತು. ಸಂಜೆಯ ತರಗತಿ ಬಿಟ್ಟಾಗ ಹುಡುಗ ಹುಡುಗಿಯರು ಇದೇ ಬಾಗಿಲಿಗೆ ಬೆನ್ನೊರಗಿಸಿ ನಿಂತು ಹರಟುತ್ತಿದ್ದರೆಂದು ವಾಚ್‌ಮನ್ ಹೇಳಿದನು. ಆ ತಂತಿಯನ್ನು ಕಟ್ಟಿದವನು ಯಾರೋ ನನಗೆ ತಿಳಿಯದು. ಅವನು ದುಷ್ಟನಾಗಿರಲಿಕ್ಕಿಲ್ಲ, ರಾತ್ರಿ ತಡವಾಗಿತ್ತೇನೋ, ಬಿಡಿಭಾಗ ಸಿಕ್ಕಲಿಲ್ಲವೇನೋ, ನಾಳೆ ಬಂದು ತೆಗೆಯುವೆನೆಂದುಕೊಂಡನೇನೋ. ಆದರೂ ಅವನನ್ನು ಕ್ಷಮಿಸಲು ನನಗೆ ಅಂದೂ ಆಗಲಿಲ್ಲ, ಇಂದೂ ಆಗುತ್ತಿಲ್ಲ. ಹೊಸ ಬೀಗ ಬಂದು ಕೂರುವವರೆಗೆ ಆ ಲಿಫ್ಟನ್ನು ಓಡಿಸಲಿಲ್ಲ. ಅಂಗಡಿಯವರು ಆಡಿದ ಮಾತುಗಳನ್ನೆಲ್ಲ ಕೇಳಿಕೊಂಡೆನು.

ದೋಷಗಳಲ್ಲೆಲ್ಲ ಕಠಿಣವಾದುದು ಬಂದು ಹೋಗುವ ದೋಷ. ಕಛೇರಿಯ ಕಟ್ಟಡವೊಂದರಲ್ಲಿ ಲಿಫ್ಟ್ ಬೆಳಗಿನ ಹತ್ತು ಗಂಟೆಯ ಸುಮಾರಿಗೆ ನಾಲ್ಕನೆಯ ಮಹಡಿಯನ್ನು ದಾಟುವಾಗ ಥಟ್ಟನೆ ನಿಂತು, ಎರಡು ನಿಮಿಷ ಜನರನ್ನು ಗಾಬರಿಪಡಿಸಿ, ತಾನಾಗಿ ಮತ್ತೆ ಹೊರಡುತ್ತಿದ್ದಿತು. ನಾವು ಹೋದ ಮಧ್ಯಾಹ್ನದಲ್ಲಿ ಎಷ್ಟು ಸಲ ಓಡಿಸಿದರೂ ನಿಲ್ಲಲೊಲ್ಲದು. ಬೀಗವನ್ನು ಬದಲಿಸಿದ್ದಾಯಿತು, ತಂತಿಯನ್ನು ಬದಲಿಸಿದ್ದಾಯಿತು. ಹತ್ತು ಗಂಟೆಗೆ ಮಾತ್ರ ಅದೇ ಕಥೆ. ಕೊನೆಗೆ ಒಂದು ಬೆಳಗ್ಗೆ ಜನರ ನಡುವೆ ನಾನೂ ಒಬ್ಬನಾಗಿ ಕಾರಿನೊಳಗೆ ನಿಂತು ಗಮನಿಸಿದಾಗ ಒಂದು ಸಂಗತಿ ಹೊಳೆಯಿತು. ಅಲ್ಲಿಯ ಗುಮಾಸ್ತರೆಲ್ಲರೂ ಐದನೆಯ ಮಹಡಿಯಲ್ಲಿ ಹಾಜರಿ ಹಾಕಬೇಕಾದುದರಿಂದ, ಮೊದಲು ಇಳಿಯುವ ಆತುರದಲ್ಲಿ ಎಲ್ಲರೂ ಬಾಗಿಲಿನ ಬಲಗಡೆಗೇ ಒತ್ತಾಗಿ ನಿಲ್ಲುತ್ತಿದ್ದರು. ಆ ಸಂಜೆ ನಾಲ್ಕನೆಯ ಮಹಡಿಯ ಬೀಗದ ರೋಲರಿಗೆ ಸೀಮೆಸುಣ್ಣವನ್ನು ದಟ್ಟವಾಗಿ ಬಳಿದು, ಮರುದಿನ ಹನ್ನೊಂದಕ್ಕೆ ಕಾರಿನ ಮೇಲೆ ಹತ್ತಿ ನೋಡಿದರೆ, ವೇನಿನ ಅಂಚಿನಲ್ಲಿ ಬಿಳಿಯ ಗೀಟು ಸ್ಪಷ್ಟವಾಗಿ ಮೂಡಿದ್ದಿತು. ಕಾರನ್ನು ಅದರ ಹಳಿಗಳ ಮೇಲೆ ನೆಟ್ಟಗೆ ಹಿಡಿದಿಡುವ ಗೈಡ್ ಶೂಗಳ ಒಳಪಟ್ಟಿ ಸವೆದು ಸಡಿಲವಾಗಿದ್ದಿತು. ಭಾರವೆಲ್ಲ ಒಂದೇ ಕಡೆಗೆ ಬಿದ್ದಾಗ ಕಾರು ಕೆಲವೇ ಮಿಲಿಮೀಟರು ವಾಲುತ್ತಿದ್ದಿತು. ವಾಲಿದ ಕಾರಿನ ವೇನು, ಗೋಡೆಯಿಂದ ಸ್ವಲ್ಪ ಹೆಚ್ಚಾಗಿ ಮುಂದಕ್ಕೆ ಬಂದಿದ್ದ ನಾಲ್ಕನೆಯ ಮಹಡಿಯ ರೋಲರನ್ನು ಹಾದುಹೋಗುವಾಗ ಸವರುತ್ತಿದ್ದಿತು. ಸವರಿದ ಕ್ಷಣದಲ್ಲಿ ಕಾಂಟ್ಯಾಕ್ಟ್ ಬಿಟ್ಟು ಕಾರು ನಿಲ್ಲುತ್ತಿದ್ದಿತು. ಗೈಡ್ ಶೂಗಳನ್ನು ಬದಲಿಸಿ, ಆ ರೋಲರನ್ನು ಸಾಲಿಗೆ ತಂದೆವು. ಆ ಬಿಳಿಯ ಗೀಟನ್ನು ಕಂಡಾಗ ಆದ ಆನಂದವನ್ನು ಬಣ್ಣಿಸುವ ಶಕ್ತಿ ನನ್ನ ಲೇಖನಿಗಿಲ್ಲ.

ಗಾಳಿಯೂ ಬಾಗಿಲಿನ ಶತ್ರುವೆಂಬುದು ಎತ್ತರದ ಕಟ್ಟಡಗಳು ಹೆಚ್ಚಿದ ಮೇಲೆ ಅರಿವಿಗೆ ಬಂದಿತು. ಶಾಫ್ಟು ಒಂದು ದೊಡ್ಡ ಹೊಗೆಗೂಡಾಗಿ ಪರಿಣಮಿಸಿ, ಕೆಳಗಿನ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಆಷಾಢದ ಗಾಳಿಯ ದಿನಗಳಲ್ಲಿ ನೆಲಮಹಡಿಯ ಬಾಗಿಲು ಅರ್ಧಕ್ಕೆ ಬಂದು, ಎದುರಿನ ಒತ್ತಡಕ್ಕೆ ತನ್ನ ಹಳಿಯಲ್ಲಿಯೇ ಬಿಗಿದು ನಿಲ್ಲುತ್ತದೆ. ಆಗ ಮುಚ್ಚುವ ಬಲವನ್ನು ಹೆಚ್ಚಿಸುವುದು ಎಲ್ಲರಿಗೂ ತೋಚುವ ಉಪಾಯ. ಆದರೆ ಅದಕ್ಕೂ ಒಂದು ಮೇರೆಯಿದೆ. ಮುಚ್ಚುತ್ತಿರುವ ಬಾಗಿಲನ್ನು ತಡೆಯಲು ಬೇಕಾಗುವ ಬಲವು 150 ನ್ಯೂಟನ್, ಎಂದರೆ ಸುಮಾರು 15 ಕಿಲೋಗ್ರಾಂ ಭಾರದಷ್ಟು, ಅದನ್ನು ಮೀರಬಾರದು. ಮೀರಿದರೆ ನಡುವೆ ಸಿಕ್ಕಿದ ಮುದುಕರಿಗೂ ಮಕ್ಕಳಿಗೂ ಪೆಟ್ಟಾಗುತ್ತದೆ. ನಾನು ಸ್ಪ್ರಿಂಗ್ ತಕ್ಕಡಿಯೊಂದನ್ನು ಸದಾ ಪೆಟ್ಟಿಗೆಯಲ್ಲಿಟ್ಟುಕೊಂಡು ಈ ಬಲವನ್ನು ಅಳೆಯುತ್ತಿದ್ದೆನು. ಗಾಳಿಯ ತೊಂದರೆಗೆ ಔಷಧ ಬಹುಪಾಲು ಬಾಗಿಲಿನಲ್ಲಿ ಇರುವುದೇ ಇಲ್ಲ; ತಾರಸಿಯ ಬಾಗಿಲನ್ನು ಮುಚ್ಚಿಸಿದರೆ, ಕೆಳಗಿನ ಪಡಸಾಲೆಗೆ ಇನ್ನೊಂದು ಬಾಗಿಲಿಡಿಸಿದರೆ, ಅರ್ಧ ಗುಣವಾಗುತ್ತದೆ.

1990ರ ದಶಕದಿಂದೀಚೆಗೆ ಬೆಳಕಿನ ಪರದೆಗಳು ಬಂದುವು. ಬಾಗಿಲಿನ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಕಣ್ಣಿಗೆ ಕಾಣದ ಕಿರಣಗಳ ಸಾಲು. ಒಂದಕ್ಕೆ ಅಡ್ಡಿಯಾದರೂ ಬಾಗಿಲು ಹಿಂದೆ ಸರಿಯುತ್ತದೆ. ಮೊದಲಿನ ಒಂದೋ ಎರಡೋ ಕಣ್ಣಿನ ಫೋಟೋಸೆಲ್ಲುಗಳು ಎರಡು ಕಿರಣಗಳ ನಡುವೆ ಸಿಕ್ಕಿದ ಮಗುವಿನ ಕೈಯನ್ನು ಕಾಣುತ್ತಿರಲಿಲ್ಲ. ಈ ಪರದೆಯು ಕಾಣುತ್ತದೆ. ಇದನ್ನು ನಾನು ನನ್ನ ಕಾಲದಲ್ಲಿ ಬಂದ ಅತ್ಯುತ್ತಮವಾದ ಸುಧಾರಣೆಯೆಂದು ತಿಳಿಯುತ್ತೇನೆ. ಆಯುಧಪೂಜೆಯ ಮರುದಿನ ಮಾತ್ರ ನಮಗೆ ಬಿಡುವಿರುತ್ತಿರಲಿಲ್ಲ. ಭಕ್ತಿಯಿಂದ ಬಾಗಿಲಿಗೆ ಇಟ್ಟ ಕುಂಕುಮ ಗಂಧಗಳು ಆ ಕಣ್ಣುಗಳ ಮೇಲೆ ಬಿದ್ದು ಬಾಗಿಲು ಮುಚ್ಚಲೊಲ್ಲದೆ ನಿಂತಿರುವುದು. ಮೆತ್ತನೆಯ ಬಟ್ಟೆಯಿಂದ ಒರೆಸಿ, ಕುಂಕುಮವನ್ನು ಇನ್ನು ಮೇಲೆ ಬಾಗಿಲುವಾಡದ ನೆತ್ತಿಗಿಡಿರೆಂದು ಹೇಳಿ ಬರುತ್ತಿದ್ದೆವು.

ಇನ್ನು ಉಳಿದುದು ಕೀಲಿಕೈಯ ವಿಷಯ. ಮಹಡಿಯ ಬಾಗಿಲಿನ ಮೇಲ್ಭಾಗದಲ್ಲಿ ಒಂದು ಪುಟ್ಟ ರಂಧ್ರವಿರುತ್ತದೆ; ಅದರೊಳಗೆ ತ್ರಿಕೋಣಾಕಾರದ ಕೀಲಿಕೈಯನ್ನಿಟ್ಟು ತಿರುಗಿಸಿದರೆ, ಕಾರು ಎಲ್ಲಿಯೇ ಇರಲಿ, ಬೀಗ ತೆರೆಯುತ್ತದೆ. ಸಿಕ್ಕಿಬಿದ್ದವರನ್ನು ಹೊರತರಲು ಇದು ಅಗತ್ಯ. ಅರಿಯದವರ ಕೈಯಲ್ಲಿ ಇದರಷ್ಟು ಭಯಂಕರವಾದುದು ಬೇರೆಯಿಲ್ಲ. ಎರಡು ಮಹಡಿಗಳ ನಡುವೆ ನಿಂತ ಕಾರಿನ ಬಾಗಿಲನ್ನು ಹೀಗೆ ತೆರೆದು, ಒಳಗಿನವರು ಕೆಳಕ್ಕೆ ಹಾರಲು ಹೋದರೆ, ಕಾರಿನ ಅಡಿಯಲ್ಲಿ ತೆರೆದುಕೊಂಡಿರುವ ಶಾಫ್ಟು ಕಾಲಿನ ಹಿಂದೆಯೇ ಇರುತ್ತದೆ. ಒಳಗೆ ಉಸಿರು ಕಟ್ಟುವುದಿಲ್ಲ. ಗಾಳಿ ಆಡಲು ಸಂದುಗಳಿವೆ. ಗಂಟೆ ಒತ್ತಿ, ನೆಲದ ಮೇಲೆ ಕುಳಿತು, ತಿಳಿದವರು ಬರುವವರೆಗೆ ಕಾಯುವುದೇ ಅತ್ಯಂತ ಕ್ಷೇಮವಾದ ಮಾರ್ಗ. ಇದನ್ನು ನಾನು ಹೋದ ಹೋದ ಕಟ್ಟಡಗಳಲ್ಲೆಲ್ಲ ಹೇಳುತ್ತಿದ್ದೆನು. ಆದರೂ ಕೀಲಿಕೈ ವಾಚ್‌ಮನ್ನನ ಕೋಣೆಯ ಮೊಳೆಯಲ್ಲಿ ಎಲ್ಲರ ಕೈಗೂ ಸಿಕ್ಕುವಂತೆ ತೂಗುತ್ತಿರುವುದು ತಪ್ಪುತ್ತಿರಲಿಲ್ಲ.

ಮಲ್ಲೇಶ್ವರದ ಒಂದು ವಸತಿ ಸಮುಚ್ಚಯದಲ್ಲಿ ಸಂಘದ ಕಾರ್ಯದರ್ಶಿಗಳಾಗಿದ್ದವರು ನಿವೃತ್ತ ಉಪಾಧ್ಯಾಯಿನಿಯೊಬ್ಬರು. ಅವರಿಗೆ ಒಂದು ಮಧ್ಯಾಹ್ನ, ಕಾರನ್ನು ಬೇಕೆಂದೇ ಮೇಲೆ ನಿಲ್ಲಿಸಿ, ಅಡ್ಡಗಟ್ಟೆಯನ್ನಿಟ್ಟು, ನೆಲಮಹಡಿಯ ಬಾಗಿಲನ್ನು ಆ ಕೀಲಿಕೈಯಿಂದ ತೆರೆದು, ಟಾರ್ಚ್ ಬಿಟ್ಟು ಶಾಫ್ಟಿನ ತಳದ ಗುಂಡಿಯನ್ನು ತೋರಿಸಿದೆನು. ಅವರು ಬಹಳ ಹೊತ್ತು ನೋಡಿ, ‘ಇದನ್ನ ಇಷ್ಟು ದಿನ ಆ ಹುಡುಗನ ಕೈಲಿ ಕೊಟ್ಟಿದ್ವಾ?’ ಎಂದು ಕೇಳಿದರು. ಬಳಿಕ ಕೀಲಿಕೈಯನ್ನು ನನ್ನಿಂದ ತೆಗೆದುಕೊಂಡು, ಸೊಂಟಕ್ಕೆ ಸಿಕ್ಕಿಸಿದ್ದ ಮನೆಯ ಬೀಗದ ಕೈಗೊಂಚಲಿನಲ್ಲಿ ಸೇರಿಸಿಕೊಂಡು, ವಾಚ್‌ಮನ್ನನನ್ನು ಕರೆದು, ‘ಇನ್ಮೇಲೆ ಯಾರು ಕೇಳಿದ್ರೂ ನನ್ನ ಹತ್ರ ಕಳಿಸಪ್ಪ’ ಎಂದರು. ನಿರ್ವಹಣೆಯ ಹುಡುಗರು ಬಂದಾಗ ಮೊದಲು ಅವರ ಗುರುತಿನ ಚೀಟಿಯನ್ನು ನೋಡಿ, ಪುಸ್ತಕದಲ್ಲಿ ರುಜು ಹಾಕಿಸಿಕೊಂಡು, ಆ ಮೇಲೆಯೇ ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಿ ಕೊಡುವ ಪದ್ಧತಿಯನ್ನು ಅವರು ಇಟ್ಟುಕೊಂಡರು. ನಾನು ಕೆಲಸದಿಂದ ನಿವೃತ್ತನಾಗುವವರೆಗೂ ಆ ಪದ್ಧತಿ ನನಗೂ ತಪ್ಪಲಿಲ್ಲ. ಪ್ರತಿಸಲವೂ ರುಜು ಹಾಕಿಯೇ ತೆಗೆದುಕೊಂಡೆನು.